ಮೊದಲು ಬೀಳುವುದನ್ನು ಕಲಿಯಬೇಕು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು ಅದನ್ನು ಎಷ್ಟು ಸಲ ಮಕ್ಕಳ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಗಿಡಗಳನ್ನು ಬಗ್ಗಿಸುವವರು ಹೇಳುವ ಗಾದೆ ಅದು. ಮರಗಳನ್ನು ಕೇಳಿ ಯಾರೂ ಕಟ್ಟಿದಂತೆ ತೋರುವುದಿಲ್ಲ. ನಿವೃತ್ತನಾದ ಮೇಲೆ, ಅರವತ್ತೊಂದರ ವಯಸ್ಸಿನಲ್ಲಿ, 2025ರ ದಸರಾ ರಜೆಯಲ್ಲಿ ಮರವೇ ಮರಳಿನ ಮೇಲೆ ಬೋರಲು ಮಲಗಿ ಪಾಠ ಹೇಳಿಸಿಕೊಳ್ಳುವ ಪ್ರಸಂಗ ಒದಗಿತು. ಕಲಿಸಿದವನು ಇಪ್ಪತ್ತೈದರ ಒಳಗಿನ ತರುಣ. ಕಲಿತದ್ದು ಸಮುದ್ರದ ತೆರೆಯ ಮೇಲೆ ಹಲಗೆಯೊಂದರಲ್ಲಿ ನಿಲ್ಲುವ ವಿದ್ಯೆ. ಸರ್ಫಿಂಗ್ ಎಂದು ಅದಕ್ಕೆ ಹೆಸರು.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಎಂದು ಓದುಗರು ಕೇಳಬಹುದು. ನಾವು ನೀರನ್ನು ಅರಿಯದವರೇನೂ ಅಲ್ಲ. ಶಕುನಗಿರಿಯ ತಪ್ಪಲಿನ ಅಯ್ಯನಕೆರೆಯಂಥ ಕೆರೆ ನಮ್ಮ ಕಡೆ ಇದೆ. ವೇದಾ, ಆವತಿ ಎರಡೂ ಕೂಡಿ ವೇದಾವತಿಯಾಗುವುದು ನಮ್ಮ ನೆಲದಲ್ಲೇ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ ಕಟ್ಟಿ ಅರ್ಧ ಶತಮಾನ ಮೀರಿತು. ಏರಿ, ತೂಬು, ಕೋಡಿ, ನೀರಗಂಟಿ ಎಂಬ ಮಾತುಗಳು ನಮ್ಮ ಹಿರಿಯರ ನಾಲಗೆಯ ಮೇಲೆ ಸದಾ ಇದ್ದವು. ಆದರೆ ಅವೆಲ್ಲವೂ ನೀರನ್ನು ತಡೆದು, ಅಳೆದು, ಹಂಚುವ ಮಾತುಗಳು. ನೀರಿನೊಳಗೆ ಇಳಿದು ಅದರೊಡನೆ ಇರುವ ವಿದ್ಯೆ ಬೇರೆಯದೇ.

ಆ ವಿದ್ಯೆಯೂ ಒಂದು ಕಾಲಕ್ಕೆ ನಮ್ಮಲ್ಲಿ ಇತ್ತು. ತೋಟದ ತೆರೆದ ಬಾವಿಗಳಲ್ಲಿ ಹುಡುಗರ ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲಿನಿಂದ ಒಬ್ಬರು ಹಿಡಿದುಕೊಂಡು ಈಜು ಕಲಿಸುತ್ತಿದ್ದರು. ಬೇಸಿಗೆಯ ರಜೆ ಮುಗಿಯುವುದರೊಳಗೆ ಬೆಂಡು ಒಂದೊಂದಾಗಿ ಕಳಚುತ್ತಿತ್ತು. ಅಂತರ್ಜಲ ಇಳಿದಂತೆ ಬಾವಿಗಳು ಬತ್ತಿದವು. ಕೊಳವೆಬಾವಿಗಳು ಬಂದವು. ನೀರು ಕಬ್ಬಿಣದ ಕೊಳವೆಯೊಳಗೆ ಬರತೊಡಗಿದ ಮೇಲೆ ಅದರಲ್ಲಿ ಈಜುವುದೆಲ್ಲಿ ಬಂತು? ಹೀಗೆ ಒಂದು ತಲೆಮಾರು ಈಜು ಬಾರದೆ ಬೆಳೆಯಿತು. ಅದರಿಂದ ಯಾವ ಕೇಡೂ ಆಗಲಿಲ್ಲ, ಏಕೆಂದರೆ ಮುಳುಗುವಷ್ಟು ನೀರೂ ಸುತ್ತಮುತ್ತ ಉಳಿದಿರಲಿಲ್ಲ.

ಅನಂತರ ಬಂದವು ಕೃಷಿಹೊಂಡಗಳು. 2014ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಬಯಲಿನ ಹೊಲಗಳಲ್ಲಿ ಇವು ಎಲ್ಲೆಡೆ ಕಾಣತೊಡಗಿದವು. ಮಳೆ ಕೈಕೊಟ್ಟಾಗ ಈರುಳ್ಳಿಗೆ ಒಂದೆರಡು ನೀರು ಕೊಟ್ಟು ಬೆಳೆ ಉಳಿಸಿಕೊಂಡ ರೈತರು ಎಷ್ಟೋ ಮಂದಿ. ಯೋಜನೆಯ ಉಪಕಾರವನ್ನು ಮರೆಯಬಾರದು. ಆದರೆ ಹೊಂಡದ ರಚನೆಯನ್ನು ಒಮ್ಮೆ ಗಮನಿಸಿ. ಸುಮಾರು 3 ಮೀಟರ್ ಆಳ. ನಾಲ್ಕೂ ಕಡೆ ಇಳಿಜಾರು. ನೀರು ಇಂಗದಂತೆ ತಳದಿಂದ ಅಂಚಿನವರೆಗೂ ಹಾಸಿದ ಪಾಲಿಥಿನ್ ಹಾಳೆ. ಒದ್ದೆಯಾದ ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ. ಕೆರೆಯಲ್ಲಾದರೆ ಮೆಟ್ಟಿಲುಂಟು, ಬಾವಿಯಲ್ಲಾದರೆ ಕಲ್ಲಿನ ಸಂದುಂಟು; ಇಲ್ಲಿ ಹಿಡಿಯಲು ಏನೂ ಇಲ್ಲ. ಅಂಚು ಒಂದು ಮಾರು ದೂರದಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ, ಕೈಗೆ ಎಟುಕುವುದಿಲ್ಲ.

ನನ್ನ ತಮ್ಮನ ಮಗ ಹೋದದ್ದು ಹೀಗೆಯೇ. ಹನ್ನೊಂದರ ಬಾಲಕ. ಬೇಲಿಯಿಲ್ಲದ ಹೊಂಡದಲ್ಲಿ ಬಿದ್ದ ಚೆಂಡನ್ನು ತೆಗೆಯಲು ಬಗ್ಗಿದ. ಜೊತೆಯಲ್ಲಿದ್ದ ಮಕ್ಕಳು ಓಡಿಬಂದು ಹೇಳುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಈ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಅಂದಿನಿಂದ ನಮ್ಮ ಮನೆಯಲ್ಲಿ ನೀರೆಂದರೆ ಮೃತ್ಯುವಿನ ಮತ್ತೊಂದು ಹೆಸರಾಯಿತು. ಅವ್ವನಿಗೆ ಎಂಬತ್ತು ದಾಟಿದೆ. ಮೊಮ್ಮಕ್ಕಳು ಹೊಲದ ಕಡೆ ಮುಖ ಮಾಡಿದರೂ, "ನೀರಿನ ಸಾವಾಸ ಬ್ಯಾಡ ಕಣ್ರಪ್ಪ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ತೀರಿಕೊಂಡ ಹುಡುಗನ ಅಕ್ಕ ಈಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪ್ರವಾಸಕ್ಕೆ ಹೋದರೆ ಜಲಪಾತವನ್ನೂ ಬಸ್ಸಿನಿಂದಲೇ ನೋಡಬೇಕಾದ ಕಟ್ಟುಪಾಡು ಅವಳಿಗಿತ್ತು. 2025ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ ಬುದಿಹಾಳ್ ಎಂಬ ಯುವಕ ಕಂಚಿನ ಪದಕ ಗೆದ್ದ ಸುದ್ದಿಯನ್ನು ಅವಳು ಪತ್ರಿಕೆಯಲ್ಲಿ ಓದಿದಳು. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆತ ಪ್ರತಿನಿಧಿಸುವುದು ಕರ್ನಾಟಕವನ್ನು ಎಂಬುದು ಅವಳ ಕಣ್ಣಿಗೆ ಬಿತ್ತು. ಪತ್ರಿಕೆಯನ್ನು ನನ್ನ ಮುಂದೆ ಹಿಡಿದು, "ದೊಡ್ಡಪ್ಪ, ಇದನ್ನ ಕಲಿಸೋ ಜಾಗ ಮೂಲ್ಕೀಲಿ ಇದೆಯಂತೆ. ನಾನು ನೀರಿಗೆ ಇಳೀಬೇಕು" ಎಂದಳು. ಆಟ ಕಲಿಯಬೇಕು ಎನ್ನಲಿಲ್ಲ, ನೀರಿಗೆ ಇಳಿಯಬೇಕು ಎಂದಳು. ಅವಳ ತಂದೆ ತಲೆ ತಗ್ಗಿಸಿ ಕುಳಿತಿದ್ದ. ಕೊನೆಗೆ, "ನೀವು ಜೊತೇಲಿ ಇಳಿಯೋದಾದ್ರೆ ಕರಕೊಂಡು ಹೋಗಿ ಅಣ್ಣ" ಎಂದ.

ತರೀಕೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯ ಘಾಟಿ ಇಳಿದು ಉಡುಪಿಯ ಮೇಲೆ ಮೂಲ್ಕಿಗೆ ಹೋದೆವು. ಶಾಂಭವಿ, ನಂದಿನಿ ಎಂಬ ಎರಡು ನದಿಗಳು ಅಲ್ಲಿ ಒಂದೇ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಭಾರತದ ಮೊದಲ ಸರ್ಫಿಂಗ್ ಸಂಸ್ಥೆಗಳಲ್ಲೊಂದಾದ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಹುಟ್ಟುಹಾಕಿದವರು ಯಾರೆಂದು ಕೇಳಿದರೆ ನಮ್ಮ ಓದುಗರಿಗೆ ಅಚ್ಚರಿಯಾದೀತು: ಅಮೆರಿಕದಿಂದ ಬಂದು ವೈಷ್ಣವ ಸಂನ್ಯಾಸ ಸ್ವೀಕರಿಸಿದ ಒಬ್ಬ ಕಾವಿಧಾರಿಗಳು. ಪೂರ್ವಾಶ್ರಮದ ಹೆಸರು ಜಾಕ್ ಹೆಬ್ನರ್. ಜನ ಅವರನ್ನು 'ಸರ್ಫಿಂಗ್ ಸ್ವಾಮಿ' ಎಂದೇ ಕರೆಯುತ್ತಿದ್ದರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಸ್ಪರ್ಧೆ ಅಲ್ಲಿಗೆ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ನಡೆಯಿತು. ಈ ಆಟದ ತವರು ಮಾತ್ರ ಪೆಸಿಫಿಕ್ ಸಾಗರದ ದ್ವೀಪಗಳು. ಹವಾಯಿಯ ಜನ ಹಲಗೆಗಳ ಮೇಲೆ ತೆರೆಯೇರಿ ಬರುವುದನ್ನು ಕ್ಯಾಪ್ಟನ್ ಕುಕ್‌ನ ನೌಕಾಯಾತ್ರೆಯ ಅಧಿಕಾರಿ ಜೇಮ್ಸ್ ಕಿಂಗ್ 1779ರಲ್ಲಿಯೇ ಬೆರಗಿನಿಂದ ಬರೆದಿಟ್ಟಿದ್ದಾನೆ. 2021ರಲ್ಲಿ ಜಪಾನಿನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಬಾರಿಗೆ ಸೇರ್ಪಡೆಯಾಯಿತು.

ಬೆಳಗಿನ ಆರೂವರೆಗೆ ಪಾಠ. ನಮ್ಮ ಗುಂಪಿನಲ್ಲಿ ಎಂಟು ಜನ: ಬೆಂಗಳೂರಿನ ನಾಲ್ವರು ತರುಣರು, ಹುಬ್ಬಳ್ಳಿಯ ದಂಪತಿಗಳು, ನಾನು ಮತ್ತು ಹುಡುಗಿ. ಮೂವರು ಶಿಕ್ಷಕರು. ನಮ್ಮ ಪಾಲಿಗೆ ಬಂದವನು ಮೀನುಗಾರರ ಮನೆತನದ ಹುಡುಗ. ಬಿಸಿಲಿನಲ್ಲಿ ಕಂದಿದ ಕೂದಲು, ಮಾತು ಕಡಿಮೆ. ಯಾರಿಗೆ ಈಜು ಬರುತ್ತದೆ ಎಂದು ಮೊದಲು ಕೇಳಿದ. ಎಂಟರಲ್ಲಿ ಮೂವರು ಕೈ ಎತ್ತಿದರು. ಉಳಿದವರು ಸೊಂಟದ ಮಟ್ಟದ ನೀರು ದಾಟುವಂತಿಲ್ಲ ಎಂದು ಹೇಳಿ ಎಲ್ಲರಿಗೂ ತೇಲುವ ಅಂಗಿ ತೊಡಿಸಿದ. ನನ್ನ ವಯಸ್ಸು ಕೇಳಿ ಒಂದು ಕ್ಷಣ ನೋಡಿದ, ಮೊಣಕಾಲು ನೋವುಂಟಾ ಎಂದು ವಿಚಾರಿಸಿದ, ಅಷ್ಟೇ. ನಾನು ನಿವೃತ್ತ ಮುಖ್ಯೋಪಾಧ್ಯಾಯನೆಂಬ ವಿಷಯ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ನಿಲ್ಲುವುದು ಹೇಗೆಂದು ಹೇಳಿಕೊಡುತ್ತಾನೆ ಎಂದು ಎಲ್ಲರೂ ಕಾದಿದ್ದೆವು. ಅವನು, "ಸರ್, ಮೊದಲು ಬೀಳ್ಲಿಕ್ಕೆ ಕಲೀಬೇಕು. ನಿಲ್ಲುದು ಆಮೇಲೆ" ಎಂದ. ಅರ್ಧ ಗಂಟೆ ಮರಳಿನ ಮೇಲೆ ಬಿದ್ದೆವು. ತಲೆ ಮುಂದಾಗಿ ಬೀಳಬಾರದು, ಏಕೆಂದರೆ ತೆರೆ ಒಡೆಯುವಲ್ಲಿ ನೀರು ತೆಳುವಾಗಿದ್ದು ಕೆಳಗೆ ಗಟ್ಟಿ ಮರಳಿರುತ್ತದೆ. ಹಲಗೆಯಿಂದ ದೂರಕ್ಕೆ, ಮೈ ಅಗಲಿಸಿ, ಬೆನ್ನಿನ ಮೇಲೋ ಪಕ್ಕಕ್ಕೋ ಬೀಳಬೇಕು. ಮುಳುಗಿ ಮೇಲೇಳುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳಬೇಕು. ಹಲಗೆ ಎಲ್ಲಿದೆಯೋ ಯಾರು ಬಲ್ಲರು? ಹಲಗೆಯನ್ನು ಎಂದೂ ತನಗೂ ಬರುತ್ತಿರುವ ತೆರೆಗೂ ನಡುವೆ ಇಟ್ಟುಕೊಳ್ಳಬಾರದು. ಹಿಂಗಾಲಿನ ಹರಡಿಗೆ ಕಟ್ಟಿದ ಹುರಿಯ ಇನ್ನೊಂದು ತುದಿ ಹಲಗೆಗೆ ಬಿಗಿದಿರುವುದರಿಂದ ಬಿದ್ದವನಿಂದ ಹಲಗೆ ಬಹುದೂರ ಹೋಗುವುದಿಲ್ಲ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ಅದಕ್ಕೆ ಎದುರಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬಿದ್ದು, ಬಳಿಕ ದಡದತ್ತ ತಿರುಗಬೇಕು. ಗಣಿತದ ಮೇಷ್ಟ್ರಿಗೆ ಸಮಾನಾಂತರ ರೇಖೆಯ ಇಂಥ ಉಪಯೋಗ ಅದುವರೆಗೆ ತಿಳಿದಿರಲಿಲ್ಲ.

ಹಲಗೆ ಎಂಟು ಅಡಿಗೂ ಉದ್ದ. ಹೊಸಬರಿಗೆ ಪೆಟ್ಟಾಗದಂತೆ ಮೇಲ್ಮೈ ಮೆತ್ತಗೆ. ಬೋರಲು ಮಲಗಿ, ಕಾಲ್ಬೆರಳು ಹಲಗೆಯ ಹಿಂತುದಿಗೆ ತಾಗಿಸಿ, ಎದೆಯೆತ್ತಿ, ಅಂಗೈಗಳನ್ನು ಪಕ್ಕೆಯ ಬಳಿ ಊರಿ, ಒಮ್ಮೆಗೇ ಎದ್ದು ನಿಲ್ಲಬೇಕು. ಯಾವ ಕಾಲು ಮುಂದೆ ಎಂಬುದನ್ನು ಅವನು ಕಂಡುಹಿಡಿದ ರೀತಿ ಸೊಗಸು: ಹಿಂದಿನಿಂದ ಮೆಲ್ಲಗೆ ತಳ್ಳಿದ. ಮುಗ್ಗರಿಸುವಾಗ ತಾನಾಗಿ ಮುಂದೆ ಬಂದ ಕಾಲೇ ಮುಂಗಾಲು. ಕೇಳಿದ್ದರೆ ಯೋಚಿಸಿ ತಪ್ಪು ಉತ್ತರ ಕೊಡುತ್ತಿದ್ದೆವು.

ನೀರಿಗೆ ಇಳಿದೆವು. ಹುಡುಗಿ ಮೊಳಕಾಲು ಮಟ್ಟದಲ್ಲಿ ನಿಂತುಬಿಟ್ಟಳು. ಮುಖ ಬಿಳಿಚಿತ್ತು. ನನಗೂ ಗಂಟಲು ಒಣಗಿತ್ತು. ಅವಳನ್ನು ಸಮಾಧಾನಪಡಿಸುವ ಮಾತು ಒಂದೂ ಹೊರಡಲಿಲ್ಲ. ಶಿಕ್ಷಕ ಅವಳನ್ನು ಎಳೆಯಲಿಲ್ಲ, ಧೈರ್ಯ ತುಂಬುವ ಭಾಷಣವನ್ನೂ ಮಾಡಲಿಲ್ಲ. ಹಲಗೆಯನ್ನು ಅವಳ ಪಕ್ಕದಲ್ಲಿ ತೇಲಿಬಿಟ್ಟು, "ಇದಕ್ಕೆ ಕೈ ಇಟ್ಟುಕೊಂಡು ತೆರೆ ಎಣಿಸಿ. ಹತ್ತು ಆದ ಮೇಲೆ ಹೇಳಿ" ಎಂದಷ್ಟೇ ಹೇಳಿ ಕಾದ. ಅವಳು ಎಣಿಸಿದಳು. ಹತ್ತಲ್ಲ, ಮೂವತ್ತೋ ನಲವತ್ತೋ. ಎಣಿಸುತ್ತ ಎಣಿಸುತ್ತ ತೆರೆಗಳು ಒಂದೇ ಸಮ ಬರುವುದಿಲ್ಲ, ಗುಂಪುಗುಂಪಾಗಿ ಬಂದು ನಡುವೆ ಬಿಡುವು ಕೊಡುತ್ತವೆ ಎಂಬುದನ್ನು ತಾನೇ ಕಂಡುಕೊಂಡಳು. ಎಲ್ಲೋ ಸಾವಿರಾರು ಕಿಲೋಮೀಟರ್ ಆಚೆ, ದಕ್ಷಿಣದ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉಬ್ಬರಗಳೂ ನಮ್ಮ ಕರಾವಳಿಗೆ ಬಂದು ಮುಟ್ಟುತ್ತವೆ. ಬರುವುದು ಚಲನೆಯೇ ಹೊರತು ನೀರಲ್ಲ. ನೀರು ಇದ್ದಲ್ಲಿಯೇ ಸುತ್ತು ಹಾಕಿ ಮುಂದಿನದಕ್ಕೆ ಚಲನೆಯನ್ನು ದಾಟಿಸುತ್ತದೆ. ದಡದ ಬಳಿ ಆಳ ಕಡಿಮೆಯಾದಾಗ ಬುಡ ನಿಧಾನಗೊಂಡು ತಲೆ ಮುಂದೆ ಬಾಗಿ ಒಡೆಯುತ್ತದೆ. ಒಡೆದ ಮೇಲಿನ ಆ ಬಿಳಿ ನೊರೆಯೇ ಹೊಸಬರ ಪಾಠಶಾಲೆ.

ಬಿಡುವು ಬಂದಾಗ ಅವಳು ಹಲಗೆಯ ಮೇಲೆ ಮಲಗಿದಳು. ಶಿಕ್ಷಕ ಹಿಂತುದಿ ಹಿಡಿದು ಒಂದು ನೊರೆತೆರೆಗೆ ಹೊಂದಿಸಿ ತಳ್ಳಿದ. ಏಳಲು ಹೋದಳು, ಬಿದ್ದಳು, ಕಾಣದಾದಳು. ಎರಡು ಕ್ಷಣವಿದ್ದೀತು. ಆ ಎರಡು ಕ್ಷಣಗಳಲ್ಲಿ ನಾನು ನೋಡಿದ್ದು ಸಮುದ್ರವನ್ನಲ್ಲ, ನಮ್ಮ ಊರಿನ ಹೊಂಡವನ್ನು. ಅಷ್ಟರಲ್ಲಿ ನೊರೆಯ ನಡುವೆ ಮೊದಲು ಎರಡು ತೋಳುಗಳು ಮೇಲೆ ಬಂದವು, ತಲೆಯನ್ನು ಮುಚ್ಚಿಕೊಂಡು, ಕಲಿಸಿದ ಹಾಗೆಯೇ. ಕೆಮ್ಮಿದಳು, ಕಣ್ಣೊರೆಸಿಕೊಂಡಳು, "ಇನ್ನೊಂದ್ಸಲ" ಎಂದಳು. ಒಂಬತ್ತನೆಯದೋ ಹತ್ತನೆಯದೋ ಸಲ ನಿಂತಳು. ಮೂರು ಮಾರು ದೂರ ಬಂದಿರಬಹುದು. ನಾನು ಆ ದಿನವೆಲ್ಲ ಮೊಣಕಾಲೂರುವುದಕ್ಕಿಂತ ಮೇಲೇರಲಿಲ್ಲ; ನುಂಗಿದ ಉಪ್ಪುನೀರಿಗೆ ಮಾತ್ರ ಮಿತಿಯಿರಲಿಲ್ಲ.

ಸಂಸಾರವನ್ನು ಸಾಗರಕ್ಕೆ ಹೋಲಿಸಿದ ಬಸವಣ್ಣನವರ ವಚನವೊಂದುಂಟು. ಮುಖಕ್ಕೆ ಅಪ್ಪಳಿಸುವ ತೆರೆಯಿಂದ ಹೊರಟು, ಆ ನೀರು ದೇಹದ ಯಾವ ಮಟ್ಟದ್ದೆಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತ ತಲೆಯವರೆಗೂ ಅದು ಏರುತ್ತದೆ. ಎಷ್ಟೋ ಸಲ ಓದಿ ವಿವರಿಸಿದ ವಚನ. ಸಾಗರವೆಂಬುದು ಅಲ್ಲಿ ಬರಿಯ ಉಪಮೆಯೆಂದೇ ಎಣಿಸಿದ್ದೆ. ಎದೆಮಟ್ಟದ ನೀರಿನಲ್ಲಿ ತೆರೆಯೊಂದು ಮುಖಕ್ಕೆ ಬಡಿದಾಗ, ನೀರು ಎಲ್ಲಿಯವರೆಗೆ ಬಂತೆಂದು ಮೈ ತಾನಾಗಿ ಅಳೆಯತೊಡಗುತ್ತದೆ. ಆ ವಚನದ ಕ್ರಮ ಹೆದರಿದ ದೇಹದ ಕ್ರಮವೇ ಆಗಿದೆ. ಶರಣರಲ್ಲಿ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಅಂಬಿಗರ ಚೌಡಯ್ಯನವರಿದ್ದರು. ಅವರ ಮಾತಿನ ಒರಟುತನ ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ಮೂಲ್ಕಿಯ ಆ ಹುಡುಗನ ಮಿತಭಾಷೆಯಲ್ಲಿ ನನಗೊಂದು ಉತ್ತರ ಸಿಕ್ಕಂತಾಯಿತು. ತೆರೆ ಬರುತ್ತಿರುವಾಗ ಉದ್ದದ ಮಾತಿಗೆ ಸಮಯವಿರುವುದಿಲ್ಲ.

ಊರಿಗೆ ಮರಳಿದ ಮೇಲೆ ಅವ್ವ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, "ಬಿದ್ದಾಗ ಉಸಿರು ಕಟ್ಟಲಿಲ್ವೇನೇ?" ಎಂದು ಕೇಳಿದಳು. "ಕಟ್ತು ಅಜ್ಜಿ. ಆದ್ರೆ ಏನ್ಮಾಡ್ಬೇಕು ಅಂತ ಗೊತ್ತಿತ್ತು" ಎಂದಳು ಹುಡುಗಿ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ತಡೆಯುವ ದಾರಿಗಳಲ್ಲಿ ನೀರಿಗೆ ಬೇಲಿ ಹಾಕುವುದರ ಜೊತೆಗೆ ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸುವುದನ್ನೂ ಆ ಸಂಸ್ಥೆ ಹೇಳುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿಯೇ ಹಾದುಹೋಗಿದೆ. ನಮ್ಮ ಬಯಲಿಗೆ ನೀರು ಬರಲಿ ಎಂದು ಹೋರಾಡಿದವರು ನಾವೇ. ಬರುವ ನೀರಿನ ಮುಂದೆ ಮಕ್ಕಳನ್ನು ಬರಿಯ ಭಯವನ್ನಷ್ಟೇ ಕೊಟ್ಟು ನಿಲ್ಲಿಸುವುದು ನನಗೆ ಸರಿತೋರುವುದಿಲ್ಲ.

ನಮ್ಮ ಬೀದಿಯ ಏಳು ಹೊಂಡಗಳಿಗೆ ಈಗ ಮುಳ್ಳುತಂತಿಯ ಬೇಲಿಯಾಗಿದೆ. ಪ್ರತಿಯೊಂದರ ನಾಲ್ಕೂ ಬದಿಗೆ ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟಿದ್ದೇವೆ. ಪಕ್ಕದಲ್ಲಿ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದು. ಖರ್ಚು ದೊಡ್ಡದೇನೂ ಅಲ್ಲ. ಬಾವಿಯಲ್ಲಿ ಈಜು ಕಲಿತ ಕೊನೆಯ ತಲೆಮಾರಿನ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಅವರು ಹಳೆಯ ಬೆಂಡುಗಳನ್ನು ಹೊರತೆಗೆದು ಒಮ್ಮೆಗೆ ಇಬ್ಬರಂತೆ ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಾರೆ. ಬಿದ್ದರೆ ಹೇಗೆ ಬೀಳಬೇಕೆಂಬುದನ್ನು ಹೇಳಿಕೊಡುವುದು ನನ್ನ ತಮ್ಮನ ಮಗಳ ಪಾಲಿನ ಕೆಲಸ. ಅವ್ವ ಹೊಂಡದ ದಿಣ್ಣೆಯ ಮೇಲೆ ಕೊಡೆ ಬಿಚ್ಚಿ ಕುಳಿತು ತಲೆ ಎಣಿಸುತ್ತಿರುತ್ತಾಳೆ.