ಹಾಂಗ್ ಕಾಂಗಿನ ಗಿರಿಪಥ

ಹಾಂಗ್ ಕಾಂಗ್ ಎಂದೊಡನೆ ಗಗನಚುಂಬಿಗಳಾದ ಸೌಧಗಳೂ, ಹಡಗುಗಳಿಂದ ತುಂಬಿದ ಬಂದರೂ, ಜನನಿಬಿಡವಾದ ಬೀದಿಗಳೂ ನಮ್ಮ ಕಣ್ಣೆದುರಿಗೆ ಬರುವುವು. ಆದರೆ ಸುಮಾರು 75 ಲಕ್ಷ ಜನರು ವಾಸಿಸುವ ಆ ನಾಡಿನ ನೆಲದಲ್ಲಿ ನೂರಕ್ಕೆ ಸುಮಾರು 40 ಪಾಲು ಮನೆಗಳಿಲ್ಲದ ರಕ್ಷಿತ ಬೆಟ್ಟಗಾಡೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ನಗರದ ಬೆನ್ನಿಗಿರುವ ಆ ಬೆಟ್ಟಗಳ ಮೇಲೆ, ಪೂರ್ವದಿಂದ ಪಶ್ಚಿಮಕ್ಕೆ, 100 ಕಿಲೋಮೀಟರು ಉದ್ದದ ಕಾಲುಹಾದಿಯೊಂದುಂಟು. 1979ರಲ್ಲಿ ತೆರೆದ ಈ ಹಾದಿಗೆ ಆಗಿನ ಗವರ್ನರರಾಗಿದ್ದ ಮರ್ರೇ ಮ್ಯಾಕ್ಲೆಹೋಸರ ಹೆಸರನ್ನಿಟ್ಟಿರುವರು. ಅವರು ಬೆಟ್ಟಗಳಲ್ಲಿ ಕಾಲ್ನಡಿಗೆಯಿಂದ ಸಂಚರಿಸುವುದರಲ್ಲಿ ಆಸಕ್ತರಾಗಿದ್ದರು.

ಉದ್ಯೋಗನಿಮಿತ್ತವಾಗಿ ಅಲ್ಲಿರುವ ಮಗನ ಮನೆಯಲ್ಲಿ ಕೆಲವು ಕಾಲ ಇದ್ದಾಗ, ಈ ಹಾದಿಯ ಹತ್ತು ಭಾಗಗಳನ್ನೂ ನಡುನಡುವೆ ವಿಶ್ರಮಿಸುತ್ತ ನಡೆದು ಮುಗಿಸಿದೆನು. ಅರ್ಧ ಕಿಲೋಮೀಟರಿಗೊಂದರಂತೆ ಸಂಖ್ಯೆ ಬರೆದ ಕಂಬವಿರುವುದು. ಆಪತ್ತು ಒದಗಿದರೆ ಆ ಸಂಖ್ಯೆಯನ್ನು ತಿಳಿಸಿದರಾಯಿತು, ರಕ್ಷಕರು ಸ್ಥಳವನ್ನು ಗುರುತಿಸುವರು. ನಡೆಯುವವರಿಂದ ಯಾವ ಸುಂಕವನ್ನೂ ಕೇಳುವುದಿಲ್ಲ.

ಪೂರ್ವದ ಸಾಯ್ ಕುಂಗ್ ಸೀಮೆಯಲ್ಲಿ ಹೊರಟವನಿಗೆ ಮೊದಲು ದೊರೆಯುವುದು ಹೈ ಐಲೆಂಡ್ ಜಲಾಶಯ. ದ್ವೀಪಕ್ಕೂ ನೆಲಕ್ಕೂ ನಡುವಣ ಕಡಲಿಗೆ ಎರಡು ಕಡೆಯೂ ಕಟ್ಟೆ ಕಟ್ಟಿ, ಉಪ್ಪುನೀರನ್ನು ಹೊರಹಾಕಿ, ಸಿಹಿನೀರನ್ನು ತುಂಬಿರುವರು. ಈ ಕಾರ್ಯವು 1978ರಲ್ಲಿ ಮುಗಿಯಿತು. ಪೂರ್ವದ ಕಟ್ಟೆಯ ಬಳಿ, ಪುರಾತನ ಜ್ವಾಲಾಮುಖಿಯ ಶಿಲೆಯು ತಣಿಯುವಾಗ ಷಟ್ಕೋನದ ಕಂಬಗಳಾಗಿ ಸೀಳಿ ನಿಂತಿರುವುದನ್ನು ಕಂಡರೆ, ಯಾವುದೋ ಮಂಟಪಕ್ಕಾಗಿ ಶಿಲ್ಪಿಗಳು ಕಡೆದು ನಿಲ್ಲಿಸಿದ ಸ್ತಂಭಗಳೆಂಬ ಭ್ರಾಂತಿಯಾಗುವುದು.

ಅಲ್ಲಿಂದ ಕಡಲತೀರಗಳನ್ನೂ ಶಿಖರಗಳನ್ನೂ ದಾಟಿ ಸಿಂಹಶಿಲೆಯೆಂಬ ಬೆಟ್ಟವನ್ನು ಸಮೀಪಿಸಿದರೆ, ಎಡಗಡೆ ಕೆಳಗೆ ಕೌಲೂನ್ ಪಟ್ಟಣವು ಹಾಸಿಕೊಂಡಿರುವುದು. ಮುಂದೆ 1910ರಲ್ಲಿ ಮುಗಿದ ಕೌಲೂನ್ ಜಲಾಶಯ. ಸುತ್ತಣ ಕಾಡಿನಲ್ಲಿ ಕೋತಿಗಳು ಹೇರಳ. ಅವುಗಳಿಗೆ ತಿಂಡಿಯನ್ನು ಹಾಕುವುದು 1999ರಿಂದ ಅಪರಾಧ. ಬಳಿಕ 1937ರ ಶಿಂಗ್ ಮುನ್ ಜಲಾಶಯ. 957 ಮೀಟರು ಎತ್ತರದ, ಆ ನಾಡಿಗೆಲ್ಲ ಉನ್ನತವಾದ ತಾಯ್ ಮೋ ಷಾನ್. ಕಡೆಗೆ 1957ರ ತಾಯ್ ಲಾಮ್ ಚುಂಗ್ ಜಲಾಶಯವನ್ನು ಬಳಸಿ, ಟುಯೆನ್ ಮುನ್ ಪಟ್ಟಣದಲ್ಲಿ ಹಾದಿಯು ಮುಗಿಯುವುದು.

ಒಂದೇ ಹಾದಿಯಲ್ಲಿ ಇಷ್ಟು ಜಲಾಶಯಗಳೇಕೆ? ಹಾಂಗ್ ಕಾಂಗಿಗೆ ದೊಡ್ಡ ನದಿಯಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯೇ ಜನರಿಗೆ ಆಧಾರವಾಗಿತ್ತು. 1963ರ ಕ್ಷಾಮದಲ್ಲಿ ನಾಲ್ಕು ದಿನಗಳಿಗೊಮ್ಮೆ ನಾಲ್ಕು ಗಂಟೆಗಳ ಕಾಲ ಮಾತ್ರ ನೀರು ಬಿಡುತ್ತಿದ್ದರು. ಹೆಂಗಸರೂ ಮಕ್ಕಳೂ ಕೊಡಬಕೀಟುಗಳನ್ನು ಹಿಡಿದು ಬೀದಿಯಲ್ಲಿ ಸಾಲುನಿಂತರು. ಆದುದರಿಂದ ನೀರು ಇಳಿದು ಬರುವ ಬೆಟ್ಟಗಳ ಮೇಲೆ ಮನೆಗಳನ್ನು ಕಟ್ಟಗೊಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೌದೆಗಾಗಿ ಕಡಿದು ಬೋಳಾಗಿದ್ದ ಇಳಿಜಾರುಗಳಲ್ಲಿ, ಮಣ್ಣು ಕೊಚ್ಚಿಹೋಗದಂತೆ ಮರಗಳನ್ನು ನೆಟ್ಟರು. 1976ರ ಶಾಸನದಂತೆ ಮರುವರ್ಷವೇ ಮೊದಲ ರಕ್ಷಿತೋದ್ಯಾನಗಳು ಏರ್ಪಟ್ಟುವು. ನೀರಿಗಾಗಿ ಉಳಿಸಿದ ಬೆಟ್ಟವೇ ಹೀಗೆ ವಿಹಾರಕ್ಕೂ ಒದಗಿತು.

ಆದರೆ 1965ರಿಂದ ಚೀನದ ಡೊಂಗ್ ನದಿಯ ನೀರು ಬರತೊಡಗಿ, ಈಗ ಬಹುಪಾಲು ನೀರು ಅಲ್ಲಿಂದಲೇ ಬರುವುದು. ಬೆಟ್ಟವನ್ನು ಕಾಯುತ್ತಿದ್ದ ಹಳೆಯ ಕಾರಣವು ಸಡಿಲವಾಯಿತು. ಇತ್ತ ಮನೆಗಳ ಅಭಾವವೋ ದುಸ್ಸಹ. ಒಂದು ಮನೆಯನ್ನು ಹಲವು ಕೋಣೆಗಳಾಗಿ ಒಡೆದು, ಕೋಣೆಗೊಂದು ಸಂಸಾರ ಬಾಳುವುದುಂಟು. 2017ರಲ್ಲಿ ಎರಡು ಉದ್ಯಾನಗಳ ಅಂಚಿನಲ್ಲಿ ಮನೆಗಳನ್ನು ಕಟ್ಟಬಹುದೆ ಎಂಬ ವಿಚಾರಣೆಯನ್ನು ಸರ್ಕಾರವೇ ಆರಂಭಿಸಿತು.

ಇರುಕಾದ ಕೋಣೆಯಲ್ಲಿ ಮಕ್ಕಳನ್ನು ಸಾಕುವ ತಾಯಿಯ ಸಂಕಟವನ್ನು ಅಲ್ಪವೆಂದು ನಾನು ಹೇಳಲಾರೆನು. ಆದರೂ ಆ ಮಕ್ಕಳಿಗೇ ಅಲ್ಲವೆ ಈ ಬೆಟ್ಟವು ಎಲ್ಲರಿಗಿಂತ ಹೆಚ್ಚಾಗಿ ಬೇಕಾದುದು? ಶ್ರೀಮಂತನು ಬೇಸಗೆಯಲ್ಲಿ ಪರದೇಶಕ್ಕೆ ಹೋಗಬಲ್ಲನು. ಬಡವನಿಗೆ ಬಸ್ಸಿನ ಕಾಸಿನಿಂದ ದೊರೆಯುವ ಅರಣ್ಯವು ಇದೊಂದೇ. ಭಾನುವಾರಗಳಲ್ಲಿ ಬುತ್ತಿಯನ್ನು ಹೊತ್ತು, ಮೊಮ್ಮಕ್ಕಳ ಕೈಹಿಡಿದು ಏರುವ ವೃದ್ಧರನ್ನು ನಾನು ಕಂಡೆನು. ಒಮ್ಮೆ ಕತ್ತರಿಸಿದ ಬೆಟ್ಟವನ್ನು ಮರಳಿ ಮಾಡಲು ಯಾರಿಗೂ ಸಾಧ್ಯವಿಲ್ಲ. ಮನೆಗೆ ಬೇರೆ ನೆಲವನ್ನು ಹುಡುಕುವುದು ಕಷ್ಟವಾದರೂ ಸಾಧ್ಯ. ಹಿಂದೆ ನೀರು ಕಾಯ್ದ ಬೆಟ್ಟವನ್ನು ಇನ್ನು ನಡೆಯುವವರ ಕಾಲುಗಳೇ ಕಾಯಬೇಕಾಗಿದೆ.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಊರಿನ ಕೆರೆಗೆ ಯಾವ ಗುಡ್ಡದಿಂದ ನೀರು ಇಳಿದು ಬರುವುದೆಂದು ಮಕ್ಕಳನ್ನು ಕೇಳಿರಿ. ಅವರು ಅರಿಯದಿದ್ದರೆ, ಬಿಡುವಿನ ದಿನವೊಂದರಲ್ಲಿ ಬುತ್ತಿ ಕಟ್ಟಿಕೊಂಡು, ಅವರೊಡನೆ ಆ ಗುಡ್ಡವನ್ನು ಹತ್ತಿರಿ.