ಚುಕ್ಕೆ ದಾಟಿದ ಮುಳ್ಳು

ಧರ್ಮಸ್ಥಳದಿಂದ ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದರೆ ಅಪ್ಪನ ಕಣ್ಣು ರಸ್ತೆಯ ಮೇಲೆ, ನನ್ನ ಕಣ್ಣು ಟೆಂಪರೇಚರ್ ಮೀಟರಿನ ಮುಳ್ಳಿನ ಮೇಲೆ. "ಚುಕ್ಕೆ ದಾಟ್ತೇನೋ?" ಎಂದು ಅಪ್ಪ ತಿರುವಿಗೊಮ್ಮೆ ಕೇಳುತ್ತಿದ್ದರು. "ಇಲ್ಲಪ್ಪ" ಎನ್ನುವುದು ನನ್ನ ಡ್ಯೂಟಿ. ಅಮ್ಮನ ಕಾಲ ಬಳಿ ಎರಡು ಕ್ಯಾನ್ ನೀರು: ಒಂದು ನಮಗೆ, ಒಂದು ಕಾರಿಗೆ. ನಮ್ಮ ಪಾಲಿನದನ್ನೂ ಕಾರೇ ಕುಡಿದ ದಿನಗಳಿವೆ.

ಆ ಚುಕ್ಕೆ ಕಂಪನಿಯವರು ಇಟ್ಟದ್ದಲ್ಲ. ನಮ್ಮ ಪ್ರೀಮಿಯರ್ ಪದ್ಮಿನಿಯ ಆ ಮೀಟರಿನಲ್ಲಿ ಅಂಕಿಗಳೇ ಇರಲಿಲ್ಲ. ಒಂದು ತುದಿ ತಂಪು, ಇನ್ನೊಂದು ತುದಿ ಬಿಸಿ, ನಡುವೆ ನಮ್ಮ ನಸೀಬು. ಅಪ್ಪ ಒಂದು ದಿನ ಸಪಾಟು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಮುಳ್ಳು ಎಲ್ಲಿ ನಿಂತಿತೋ ಅಲ್ಲಿಗೆ ಸರಿಯಾಗಿ ಗಾಜಿನ ಮೇಲೆ ಅಮ್ಮನ ನೇಲ್ ಪಾಲಿಶಿನಿಂದ ಬೊಟ್ಟು ಇಟ್ಟಿದ್ದರು. ಅದು ಆರೋಗ್ಯದ ಗೆರೆ.

ಅಪ್ಪ ಹೋದ ಮೇಲೆ ಕಾರು ನನ್ನ ಪಾಲಿಗೆ ಬಂತು. ಕುರ್ಲಾದ ಕಾರ್ಖಾನೆಯಲ್ಲಿ ಫಿಯಟ್ 1100 ಆಗಿ ಶುರುವಾಗಿ, 1974ರಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟುಕೊಂಡ ಕಾರು ಇದು. ಎಂಜಿನ್ನು 1089 ಸಿಸಿ. ಒಂದು ಕಾಲಕ್ಕೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದರು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ನಮ್ಮದು ಮಾತ್ರ ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಎರಡು ಸುತ್ತು ಹಾಕಿ, ತಿಂಡಿ ಕಟ್ಟಿಸಿಕೊಂಡು ಮನೆಗೆ ಬರುತ್ತದೆ.

ಹೋದ ವರ್ಷ ಮುಳ್ಳು ಮೇಲೇಳುವುದನ್ನೇ ನಿಲ್ಲಿಸಿತು. ಗ್ಯಾರೇಜೊಂದರಲ್ಲಿ "ಸೆನ್ಸರ್ ಹೋಗಿದೆ ಸಾರ್" ಎಂದು ಹೊಸದು ಹಾಕಿದರು. ಮುಳ್ಳು ಎದ್ದಿತು, ಎದ್ದದ್ದು ನಿಲ್ಲಲಿಲ್ಲ. ಹತ್ತೇ ನಿಮಿಷಕ್ಕೆ ಚುಕ್ಕೆ ದಾಟಿ ಕೆಂಪಿಗೆ ಹೋಗಿ ಕೂತಿತು. "ರೀ, ಕುದೀತಿದೆ, ಸೈಡಿಗೆ ಹಾಕಿ" ಎಂದು ಹೆಂಡತಿ ಹೇಳಿದಾಗ ನನಗೆ ಮತ್ತೆ ಶಿರಾಡಿ ನೆನಪಾಯಿತು. ಬಾನೆಟ್ ಎತ್ತಿದರೆ ಹಬೆಯಿಲ್ಲ, ಗುಳುಗುಳು ಸದ್ದಿಲ್ಲ, ನೀರಿನ ಮಟ್ಟವೂ ಸರಿಯಾಗಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಕಾರಿನ ಜ್ವರ ನೋಡುವ ವಿದ್ಯೆಗೆ ನೂರು ವರ್ಷ ಮೀರಿದೆ. ಅಮೆರಿಕದಲ್ಲಿ 1910ರ ದಶಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಥರ್ಮಾಮೀಟರನ್ನು ರೇಡಿಯೇಟರಿನ ಮುಚ್ಚಳದ ಮೇಲೆಯೇ ನಿಲ್ಲಿಸುತ್ತಿದ್ದರು. ಡ್ರೈವರು ಸೀಟಿನಿಂದಲೇ ಮುಂಗಾಜಿನಾಚೆ ಅದರ ಕೆಂಪು ಗೆರೆ ನೋಡಬೇಕು. ಅದು ಅಳೆಯುತ್ತಿದ್ದದ್ದು ನೀರನ್ನಲ್ಲ, ನೀರಿನ ಮೇಲಿನ ಆವಿಯನ್ನು. ಆಮೇಲೆ ಸಣ್ಣ ತಾಮ್ರದ ಕೊಳವೆಯಲ್ಲಿ ಈಥರ್ ತುಂಬಿದ ಮೀಟರುಗಳು ಬಂದು ಮುಳ್ಳು ಡ್ಯಾಶ್‌ಬೋರ್ಡಿಗೆ ಇಳಿಯಿತು. ಕೊನೆಗೆ ಕರೆಂಟಿನವು. ಎಂಜಿನ್ನಿಗೆ ತಿರುಪಿದ ಸೆನ್ಸರಿನೊಳಗೆ ಒಂದು ಬಿಲ್ಲೆ. ಬಿಸಿಯಾದಷ್ಟೂ ಅದರ ವಿದ್ಯುತ್ ತಡೆ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ಬಿಸಿಯಾದರೆ ತಡೆ ಇಳಿಯುವ ಈ ಉಲ್ಟಾ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡಿನಲ್ಲಿ ಕಂಡಿದ್ದ. ಅಂದರೆ ಮುಳ್ಳಿಗೆ ಬಿಸಿ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕರೆಂಟು ಮಾತ್ರ.

ಮೊದಲು ನಿಜವಾದ ಬಿಸಿ ಎಷ್ಟೆಂದು ತಿಳಿಯಬೇಕಿತ್ತು. ಕೋವಿಡ್ ಕಾಲದಲ್ಲಿ ಕೊಂಡ ಗನ್ ಥರ್ಮಾಮೀಟರನ್ನು ಎಂಜಿನ್ನಿಗೆ ಹಿಡಿದೆ. ಮನುಷ್ಯರ ಹಣೆ ಮಾತ್ರ ಬಲ್ಲ ಅದು "ಹೈ" ಎಂದು ಬರೆದು ಕೂಗಿಕೊಂಡಿತು. ಸ್ನೇಹಿತರಿಂದ ವರ್ಕ್‌ಶಾಪಿನದನ್ನು ತಂದು, ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುವುದರಿಂದ ಥರ್ಮೋಸ್ಟಾಟಿನ ಗೂಡಿಗೆ ಕರಿ ಟೇಪಿನ ತುಂಡು ಅಂಟಿಸಿ ಹಿಡಿದೆ. 83 ಡಿಗ್ರಿ. ಎಂಜಿನ್ನು ನಿರಪರಾಧಿ.

ಆಮೇಲೆ ಸೆನ್ಸರಿನ ವೈರು ಕಿತ್ತೆ. ಮುಳ್ಳು ತಂಪಿಗೆ ಬಿತ್ತು. ಅದೇ ವೈರನ್ನು ಎಂಜಿನ್ನಿನ ಮೈಗೆ ಕ್ಷಣಹೊತ್ತು ತಾಗಿಸಿದೆ. ಮುಳ್ಳು ಬಿಸಿಯತ್ತ ಓಡಿತು. ಮೀಟರಿಗೆ ಜೀವವಿದೆ, ವೈರೂ ಸರಿಯಿದೆ. ಉಳಿದದ್ದು ಸೆನ್ಸರು.

ಹೊಸದು ಹಾಕಿಸಿದಾಗ ಬಿಚ್ಚಿದ ಹಳೇ ಸಾಮಾನನ್ನು ಕೇಳಿ ತರಬೇಕು ಎನ್ನುವುದು ಅಪ್ಪ ಕಲಿಸಿದ ಪಾಠ. ಹಾಗಾಗಿ ಹಳೇ ಸೆನ್ಸರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪೇಪರಿನ ಪೊಟ್ಟಣದೊಳಗೆ ಹಾಗೇ ಇತ್ತು. ಜೊತೆಗೆ ವೈರಿನಿಂದ ಕತ್ತರಿಸಿದ ತುದಿಯೂ. ಎಂಜಿನ್ನು ತಣ್ಣಗಾದ ಮೇಲೆ ಹೊಸದನ್ನೂ ಬಿಚ್ಚಿ, ಎರಡನ್ನೂ ಹಾಲು ಕಾಯಿಸುವ ಪಾತ್ರೆಯಲ್ಲಿ ತಂತಿಯಿಂದ ಇಳಿಬಿಟ್ಟೆ. "ಆ ಪಾತ್ರೆ ಇನ್ನು ಅಡುಗೆಮನೆಗೆ ಬರಕೂಡದು" ಎಂದು ತೀರ್ಪಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರಿನ ತಲೆಗೆ, ಇನ್ನೊಂದು ಅದರ ಹಿತ್ತಾಳೆ ಮೈಗೆ. ನೀರು ಬಿಸಿಯಾದಂತೆ ಎರಡರ ತಡೆಯೂ ಇಳಿಯಿತು. ಆದರೆ ಕುದಿಯುವ ಹೊತ್ತಿಗೆ ಹೊಸದರ ತಡೆ ಹಳೆಯದರ ಅರ್ಧಕ್ಕಿಂತಲೂ ಕೆಳಗಿತ್ತು. ಎರಡೂ ಒಳ್ಳೆಯವೇ. ಹೊಸದು ಬೇರೆ ಯಾವುದೋ ಕಾರಿನ ಮೀಟರಿಗೆ ಹುಟ್ಟಿದ್ದು, ತಿರುಪು ಹೊಂದಿತೆಂದು ನಮ್ಮ ಎಂಜಿನ್ನಿಗೆ ಬಂದಿತ್ತು.

ಹಾಗಾದರೆ ಹಳೆಯದು ಸತ್ತಿರಲೇ ಇಲ್ಲವಲ್ಲ? ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದೆ. ಹಸಿರು ಕಿಲುಬು, ಉಪ್ಪಿನಕಾಯಿ ಜಾಡಿಗೆ ಹಾಕಿಟ್ಟ ತಾಮ್ರದ ಚಮಚಕ್ಕೆ ಹಿಡಿಯುವಂಥದ್ದು. ಕರೆಂಟಿಗೆ ದಾರಿ ಬಿಡದೆ ಮುಳ್ಳನ್ನು ಮಲಗಿಸಿದ್ದು ಅದು. ಗ್ಯಾರೇಜಿನವರು ವೈರಿಗೆ ಹೊಸ ಕ್ಲಿಪ್ಪು ಹಾಕಿದಾಗಲೇ ಕಾಯಿಲೆ ವಾಸಿಯಾಗಿತ್ತು; ಸೆನ್ಸರ್ ಬದಲಿಸಿದ್ದು ಮೇಲಿನ ಖರ್ಚು.

ಹಳೆಯದನ್ನು ಮರಳುಕಾಗದದಿಂದ ಉಜ್ಜಿ, ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತದೆ ಹಾಕಿದೆ. ಆ ಟೇಪು ಅರ್ತಿಂಗಿಗೆ ಅಡ್ಡ ಬರಬಹುದು. ನೀರು ತುಂಬಿಸಿ ನೈಸ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ. ಮುಳ್ಳು ನಿಧಾನಕ್ಕೆ ಎದ್ದು, ಮಾಸಿಹೋದ ನೇಲ್ ಪಾಲಿಶಿನ ಚುಕ್ಕೆಯ ನೇರಕ್ಕೆ ಬಂದು ನಿಂತಿತು. ಅಂಕಿಯಿಲ್ಲದ ಮೀಟರಿನಲ್ಲಿ ಅಪ್ಪ ಇಟ್ಟ ಆ ಒಂದು ಬೊಟ್ಟು ಇಲ್ಲದಿದ್ದರೆ ಮುಳ್ಳು ಸರಿಯಾದ ಜಾಗಕ್ಕೆ ಬಂತೆಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಹಳೇ ಕಾರು ಇಟ್ಟುಕೊಂಡವರು ಅದು ಆರೋಗ್ಯವಾಗಿರುವಾಗಲೇ ಮುಳ್ಳು ನಿಲ್ಲುವ ಜಾಗಕ್ಕೊಂದು ಚುಕ್ಕೆ ಇಟ್ಟುಬಿಡಿ. ಮುಳ್ಳು ಚುಕ್ಕೆ ದಾಟಿದರೆ ಗಾಡಿ ನಿಲ್ಲಿಸಿ ನೋಡಿ. ದಿಢೀರನೆ ಕೆಳಗೆ ಬಿದ್ದರೂ ನಿಲ್ಲಿಸಿ, ನೀರೇ ಖಾಲಿಯಾಗಿ ಸೆನ್ಸರು ಬರೀ ಹಬೆಯಲ್ಲಿ ನಿಂತಿರಬಹುದು. ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಎಂಜಿನ್ನು ತಣಿಯುವವರೆಗೂ ಕೈ ಹಾಕಬೇಡಿ.