ಕರಿಯ ಕಲಿಸಿದ ಪಾಠ

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬೆಳಗಾದರೆ ವಿದ್ಯುತ್ ಮಗ್ಗಗಳ ಸದ್ದು. ಪರಊರಿನವರಿಗೆ ಅದು ಕರ್ಕಶ. ನಮ್ಮ ಬೀದಿಯ ತಾತನಿಗೆ ಅದೇ ದಾರಿ. 30 ವರ್ಷ ರೇಷ್ಮೆ ಸೀರೆ ನೆಯ್ದ ಅವರಿಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ. ಯಾರ ಮನೆಯ ಮಗ್ಗದ ಸದ್ದು ಎಂಥದೆಂದು ಬಲ್ಲ ಅವರು ಕಿವಿಯಿಂದಲೇ ಮನೆಗಳನ್ನು ಎಣಿಸುತ್ತ ನಡೆಯುತ್ತಾರೆ. ಕರೆಂಟು ಹೋಯಿತೆಂದರೆ ಬೀದಿಯೇ ಮೂಕ. ಆಗ ಅವರಿಗೆ ಉಳಿಯುವವನು ಕರಿಯನೊಬ್ಬನೇ. ಕರಿಯ ಬರಿಯ ಬೀದಿನಾಯಿ. ಅವನ ಕೊರಳಿಗೆ ಹಳೆಯ ಸೀರೆಯಂಚನ್ನು ಹೊಸೆದ ಹಗ್ಗ.

ಒಂದು ಸಂಜೆ ಹಾಗೆಯೇ ಕರೆಂಟು ಹೋಗಿತ್ತು. ಕತ್ತಲಲ್ಲಿ ಸುಮ್ಮನೆ ನಿಂತಿದ್ದ ತಾತನನ್ನು ಕಂಡು ನನಗೆ ಕನಿಕರವಾಯಿತು. ಕೇಳದೆಯೇ ಕೈ ಹಿಡಿದು ಮುಂದೆಳೆದೆ. ಕರಿಯ ಬೊಗಳುತ್ತ ಅಡ್ಡ ನಿಂತ, ಗದರಿಸಿದೆ. ಮರುಕ್ಷಣವೇ ಚಪ್ಪಡಿ ತೆಗೆದಿದ್ದ ಚರಂಡಿಗೆ ತಾತನ ಕಾಲು ಜಾರಿ ಮೊಣಕಾಲು ತರಚಿತು. ಅವರು ಬೈಯಲಿಲ್ಲ. "ಕತ್ತಲಲ್ಲಿ ನೀನೂ ನನ್ನ ಹಾಗೇ ಕಣಪ್ಪ. ಕರಿಯನ ಮಾತು ಕೇಳಬೇಕಾಗಿತ್ತು" ಎಂದರು.

1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ನಾಯಿಗಳನ್ನು ಪಳಗಿಸುವ ಶಾಲೆ ತೆರೆಯಿತೆಂದು ಆಮೇಲೆ ಓದಿದೆ. ದಾರಿ ತೋರುವ ನಾಯಿಗೆ ಕಲಿಸುವ ಪಾಠವೊಂದುಂಟು: ಅಪಾಯವಿದ್ದರೆ ಯಜಮಾನನ ಅಪ್ಪಣೆಯನ್ನೂ ಮೀರಿ ನಿಲ್ಲಬೇಕು. ಶಾಲೆಯ ಮೆಟ್ಟಿಲು ತುಳಿಯದ ಕರಿಯ ಅಂದು ಮಾಡಿದ್ದು ಅದನ್ನೇ.

ಕನಿಕರವೇ ಸಹಾಯವೆಂದು ನಾನು ತಿಳಿದಿದ್ದೆ. ಈಗ ತಾತ ಎದುರಾದರೆ ಕೈಯೆಳೆಯುವುದಿಲ್ಲ, "ಬರಲೇ, ತಾತ?" ಎಂದು ಕೇಳಿ, ಕರಿಯನ ಹಿಂದೆ ನಡೆಯುತ್ತೇನೆ.